ರಗ್ಬಿ ಮೈದಾನಕ್ಕೆ ನಾಟಿ ಹಾಕುವ ಚಿಕ್ಕನಂಜಮ್ಮ

ಬೆಳಗಿನ ಐದೂವರೆ. ಮಂಡ್ಯ ಜಿಲ್ಲೆಯ ಕೊಪ್ಪದಾಚೆ, ನಾಲೆ ಏರಿಯ ಪಕ್ಕದ ವಸತಿ ಶಾಲೆಯ ಮೈದಾನದ ಮೇಲೆ ಮಂಜು ಇನ್ನೂ ಕರಗಿಲ್ಲ. ಆ ಮಂಜಿನೊಳಗೆ ಒಬ್ಬ ಹೆಂಗಸು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ನಡು ಬಗ್ಗಿಸಿ, ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತಿದ್ದಾರೆ. ಎಡಗೈಯಲ್ಲಿ ಒದ್ದೆ ಗೋಣಿತಾಟಿನಲ್ಲಿ ಸುತ್ತಿದ ಗರಿಕೆಯ ಕಟ್ಟು. ಬಲಗೈಯ ಮೂರು ಬೆರಳು ನೆಲಕ್ಕಿಳಿದು ಏಳುತ್ತವೆ, ಇಳಿದು ಏಳುತ್ತವೆ. ಏಳುವಾಗಲೆಲ್ಲ ಒಂದು ಗರಿಕೆಯ ಎಳೆ ಮಣ್ಣಿನಲ್ಲಿ ನಿಂತಿರುತ್ತದೆ.

ದೂರದಿಂದ ಕಂಡವರಿಗೆ ಭತ್ತದ ನಾಟಿ ಎನ್ನಿಸಬೇಕು. ಆದರೆ ಇಲ್ಲಿ ಕೆಸರಿಲ್ಲ, ಬದುವಿಲ್ಲ. ಎರಡು ತುದಿಗೂ ನಡುವೆ ಅಡ್ಡಪಟ್ಟಿ ಕಟ್ಟಿದ ಜೋಡಿ ಕಂಬಗಳು ತೆಂಗಿನ ಮರದ ಸಮಕ್ಕೆ ನಿಂತಿವೆ. ಇದು ರಗ್ಬಿ ಮೈದಾನ. ಈ ಹೆಂಗಸು ಐವತ್ತಾರು ವರ್ಷದ ಚಿಕ್ಕನಂಜಮ್ಮ. ಶಾಲೆಯ ದಾಖಲೆಯಲ್ಲಿ ‘ಮಾಲಿ’ ಎಂದಿದೆ. ಕೇಳಿದರೆ ಅವರು ‘ನಾಟಿ ಆಳು’ ಎನ್ನುತ್ತಾರೆ.

“ನೆನ್ನೆ ಸಂಜೆ ಇಲ್ಲಿ ಮೂರು ಜನ ಆ ಕಡೆ, ಮೂರು ಜನ ಈ ಕಡೆ, ತಲೆಗೆ ತಲೆ ಕೊಟ್ಟು ನೂಕಾಡವ್ರೆ. ನೋಡಿ ಎಂಗೆ ಉತ್ತಾಕವ್ರೆ! ನಮ್ಮ ಬಂಡೂರು ಟಗರಾದ್ರೂ ವಸಿ ನೋಡ್ಕಂಡು ಗುದ್ದಾಡ್ತವೆ,” ಎಂದು ಬೈಯುತ್ತಲೇ ಇನ್ನೊಂದು ಎಳೆ ಊರುತ್ತಾರೆ. ಬೈಗುಳದಲ್ಲಿ ಕಹಿಯಿಲ್ಲ. ತಟ್ಟೆಯ ಸುತ್ತ ಅನ್ನ ಚೆಲ್ಲಿ ಎದ್ದ ಮಕ್ಕಳನ್ನು ತಾಯಿ ಬೈಯುವ ರೀತಿ ಅದು.

ತಲೆಗೆ ತಲೆ ಕೊಟ್ಟವರು ಸಾಮಾನ್ಯರಲ್ಲ, ದೇಶದ ಪುರುಷರ ರಗ್ಬಿ ಸೆವೆನ್ಸ್ ತಂಡದವರು. ಒಂದೊಂದು ಕಡೆ ಏಳೇ ಜನ, ಏಳೇಳು ನಿಮಿಷದ ಎರಡು ಅವಧಿ. ಮೊಟ್ಟೆಯಾಕಾರದ ಚೆಂಡನ್ನು ಎದುರಾಳಿಯ ಗೆರೆಯಾಚೆ ಒಯ್ದು ನೆಲಕ್ಕೆ ಮುಟ್ಟಿಸಿದರೆ ಐದು ಅಂಕ, ಆಮೇಲೆ ಚೆಂಡನ್ನು ಜೋಡಿ ಕಂಬಗಳ ನಡುವೆ ಒದ್ದು ದಾಟಿಸಿದರೆ ಇನ್ನೆರಡು. ತಂಡ ಈಗ ಆಡುತ್ತಿರುವುದು ಏಷ್ಯಾದ ಎರಡನೇ ಸಾಲಿನ ಸರಣಿಯಲ್ಲಿ. ಎಂಟು ದೇಶ, ಮೂರು ಊರುಗಳಲ್ಲಿ ಮೂರು ಸುತ್ತು. ಎಲ್ಲ ಸುತ್ತಿನ ಅಂಕ ಕೂಡಿಸಿದಾಗ ಮೊದಲ ಎರಡು ಸ್ಥಾನದಲ್ಲಿ ನಿಂತವರು ಮುಂದಿನ ವರ್ಷ ಮೊದಲ ಸಾಲಿಗೆ ಏರುತ್ತಾರೆ. ಉಳಿದ ಆರು ದೇಶಗಳು ಇದ್ದಲ್ಲೇ ಇರಬೇಕು. ಎರಡು ಸುತ್ತು ಮುಗಿದಿವೆ, ನಮ್ಮವರು ಮೂರನೆಯವರು. ಕೊನೆಯ ಸುತ್ತು ಕಾಠ್ಮಂಡುವಿನಲ್ಲಿ. ಒಂದೊಂದು ಸುತ್ತಿಗೂ ಮುನ್ನ ಹನ್ನೆರಡು ದಿನ ಅವರು ಬಂದು ಬೆವರು ಹರಿಸುವುದು ಕೊಪ್ಪದ ಈ ಹುಲ್ಲಿನ ಮೇಲೆ. ಇವತ್ತು ಕೊನೆಯ ಶಿಬಿರದ ಕೊನೆಯ ದಿನ.

ಇನ್ನೊಂದು ಮಾತು ಎಲ್ಲರಿಗೂ ಗೊತ್ತಿದೆ, ಯಾರೂ ದೊಡ್ಡದಾಗಿ ಆಡುವುದಿಲ್ಲ. ತಂಡ ಮೇಲಕ್ಕೆ ಏರಿದರೆ ಮತ್ತೆ ಇಲ್ಲಿಗೆ ಬರುವುದಿಲ್ಲ. ಮೊದಲ ಸಾಲಿನ ತಂಡಕ್ಕೆ ಹೊರರಾಜ್ಯದಲ್ಲಿ ದೊಡ್ಡ ಕ್ರೀಡಾಂಗಣವೇ ಸಿದ್ಧವಾಗುತ್ತಿದೆ. ಅಂದರೆ ಚಿಕ್ಕನಂಜಮ್ಮ ಯಾರ ಗೆಲುವಿಗಾಗಿ ಬೆಳಗಾಗುವ ಮುನ್ನ ಬಗ್ಗಿ ನಿಂತಿದ್ದಾರೋ, ಅವರು ಗೆದ್ದರೆ ಈ ಮೈದಾನಕ್ಕೆ ಅವರ ಕಾಲು ಮತ್ತೆ ಬೀಳುವುದಿಲ್ಲ.

ಅದನ್ನು ನೇರವಾಗಿ ಕೇಳುವ ಧೈರ್ಯ ಒಬ್ಬನಿಗೇ ಇದೆ. ತಂಡದಲ್ಲಿರುವ ಒಬ್ಬನೇ ಮಂಡ್ಯ ಜಿಲ್ಲೆಯ ಹುಡುಗ, ಮಳವಳ್ಳಿಯ ಸ್ವರೂಪ್. ಬೂಟಿನ ದಾರ ಬಿಗಿಯುತ್ತ ಕೂಗುತ್ತಾನೆ: “ದೊಡ್ಡವ್ವ, ನಾವು ಗೆದ್ರೆ ನಿಂಗೆ ಬೇಜಾರಾಗಾಕಿಲ್ವಾ?”

“ಸೋತ್ಕಂಡು ಬಂದು ಈ ಉಲ್ಲು ತುಳುದ್ರೆ ಕಾಲು ಮುರೀತೀನಿ ಕಣ್ಲಾ!”

“ಗೆದ್ರೆ ಬರಾಕೇ ಆಗಾಕಿಲ್ಲ, ಸೋತ್ರೆ ಕಾಲು ಮುರೀತೀಯ. ನಾನು ಓಗೋದೆಲ್ಲಿಗೆ?”

“ನಿಮ್ಮವ್ವನ ಮನೆಗೋಗು. ಮಳ್ಳೊಳ್ಳಿ ಬಸ್ಸು ಏಳ್ ಗಂಟೆಗೇ ಅದೆ.”

ಪಕ್ಕದಲ್ಲಿದ್ದ ಒಡಿಶಾದ ಹುಡುಗರಿಗೆ ಒಂದು ಮಾತೂ ತಿಳಿಯದು. ಆದರೂ ನಗುತ್ತಾರೆ.

ಚಿಕ್ಕನಂಜಮ್ಮ ಹುಟ್ಟಿದ್ದು ಮಳವಳ್ಳಿ ಸೀಮೆಯಲ್ಲಿ, ಮದುವೆಯಾಗಿ ಬಂದದ್ದು ಕೊಪ್ಪದ ಕಡೆಗೆ. ಹನ್ನೆರಡನೇ ವಯಸ್ಸಿಗೆ ಗದ್ದೆಗಿಳಿದವರು. ಮುಂದೆ ಹನ್ನೊಂದು ಹೆಂಗಸರ ನಾಟಿ ಗುಂಪಿಗೆ ಮುಂದಾಳಾದರು. ಸಾಲು ಹಿಡಿದರೆ ಹಗ್ಗ ಬೇಡ ಎಂಬ ಹೆಸರಿತ್ತು. ನಾಲ್ಕು ದಶಕದ ಆ ದುಡಿಮೆ ಉಳಿಸಿಕೊಟ್ಟದ್ದು ನೆಟ್ಟಗೆ ನಿಲ್ಲಲಾರದ ಬೆನ್ನು, ಮಳೆಗಾಲದಲ್ಲಿ ಬೆರಳ ಸಂದಿಗೆ ಬರುವ ಕೆಸರು ಹುಣ್ಣು. ಆಮೇಲೆ ನಾಟಿಯ ಯಂತ್ರ ಬಂತು. ಹನ್ನೊಂದು ಜನ ದಿನವಿಡೀ ನೆಡುತ್ತಿದ್ದ ಗದ್ದೆಯನ್ನು ಅದು ಊಟದ ಹೊತ್ತಿಗೆ ಮುಗಿಸತೊಡಗಿತು. “ಮಿಸೀನು ಸಾಲು ಚೆನ್ನಾಗೇ ಇಡೀತದೆ, ಸುಳ್ಳೇಳಬಾರ್ದು,” ಎನ್ನುತ್ತಾರೆ ಅವರು. “ಆದ್ರೆ ಅದಕ್ಕೆ ಪದ ಏಳಾಕೆ ಬರಾಕಿಲ್ಲ.” ಆರು ವರ್ಷದ ಹಿಂದೆ ಶಾಲೆಗೆ ಕಸ ಗುಡಿಸುವ ಕೆಲಸಕ್ಕೆ ಸೇರಿಕೊಂಡರು.

ಅದೇ ವರ್ಷ ಪಟ್ಟಣದಿಂದ ಗುತ್ತಿಗೆದಾರರೊಬ್ಬರು ಬಂದು ಚಾಪೆಯ ಹಾಗೆ ಸುರುಳಿ ಸುತ್ತಿದ ಹುಲ್ಲು ತಂದು ಮೈದಾನಕ್ಕೆ ಹಾಸಿದರು. ಏಪ್ರಿಲ್ ಬಿಸಿಲಿಗೆ ಅದು ಹಪ್ಪಳವಾಯಿತು. ಮೈದಾನ ಮತ್ತೆ ಬೋಳು ನೆಲ. ಒಂದು ಬೆಳಿಗ್ಗೆ ಚಿಕ್ಕನಂಜಮ್ಮ ಪೊರಕೆ ಪಕ್ಕಕ್ಕಿಟ್ಟು ಹೆಡ್ ಮೇಷ್ಟ್ರ ಮುಂದೆ ನಿಂತರು. ನಾಲೆ ಏರಿಯ ಮೇಲೆ ಗರಿಕೆ ಬೇಕಾದಷ್ಟಿದೆ, ತಮ್ಮ ಗುಂಪಿನವರನ್ನು ಕರೆತಂದು ನೆಟ್ಟುಕೊಡುತ್ತೇವೆ ಎಂದರು.

“ಗದ್ದೇಲಿ ಕಳೆ ಅಂತ ಜೀವಮಾನವೆಲ್ಲ ಕಿತ್ತಿವ್ನಿ ಈ ಗರಿಕೇನ. ಕಿತ್ತು ಬದೀಗೆ ಎಸುದ್ರೆ ಬದೀಲೇ ಬೇರು ಬುಡ್ತದೆ. ಎಷ್ಟು ಕಿತ್ರೂ ಸಾಯಾಕಿಲ್ಲ. ಸಾಯ್ದೇ ಇರೋದನ್ನೇ ನೆಡಾನ ಅಂದೆ,” ಎಂದು ಆ ದಿನವನ್ನು ನೆನೆಯುತ್ತಾರೆ.

ಹನ್ನೊಂದು ಹೆಂಗಸರು ಒಂಬತ್ತು ದಿನ ನೆಟ್ಟರು. ಶುರುವಿಗೆ ಈಶಾನ್ಯದ ಮೂಲೆಯಲ್ಲಿ ಸಗಣಿಯ ಬೆನಕನನ್ನು ಮಾಡಿ, ನೆತ್ತಿಗೆ ಗರಿಕೆ ಸಿಕ್ಕಿಸಿ, ಅರಿಸಿನ ಕುಂಕುಮ ಇಟ್ಟು ಕೈಮುಗಿದರು. ವಿಘ್ನೇಶ್ವರನಿಗೆ ಪ್ರಿಯವಾದ ಹುಲ್ಲನ್ನು ಜನ ತುಳಿಯುವ ಕಡೆ ನೆಡುವುದು ಸರಿಯೇ ಎಂದು ಗುಂಪಿನ ಬೆಟ್ಟಮ್ಮನಿಗೆ ಅಳುಕು. ಅದಕ್ಕೆ ಚಿಕ್ಕನಂಜಮ್ಮ ಅಲ್ಲೇ ಒಂದು ಪದ ಕಟ್ಟಿ ಹಾಡಿದರು: ‘ತುಳಿದಷ್ಟೂ ಚಿಗುರವ್ವ, ಗರಿಕವ್ವ, ತುಳಿದೋರ ಕಾಲ್ಗೂ ತಂಪಾಗು.’ ಬೆಟ್ಟಮ್ಮ ಎರಡನೇ ಸಾಲಿಗೆ ದನಿ ಸೇರಿಸಿದರು. ಅಳುಕು ಅಲ್ಲಿಗೆ ಮುಗಿಯಿತು.

ಹುಲ್ಲು ಹಬ್ಬಿತು. ಗುತ್ತಲಿನ ರಘುನಂದನ್ ಈಗ ತಂಡದ ವ್ಯವಸ್ಥಾಪಕರು, ಒಂದು ಕಾಲದ ಆಟಗಾರ. ಯಾವುದೋ ಕೆಲಸಕ್ಕೆ ಶಾಲೆಗೆ ಬಂದವರು ಮೈದಾನದ ಮೇಲೆ ಚಪ್ಪಲಿ ಬಿಟ್ಟು ನಡೆದು ನೋಡಿ, ಈ ವರ್ಷದ ಶಿಬಿರ ಇಲ್ಲೇ ಎಂದು ತೀರ್ಮಾನಿಸಿದರು.

ಮೊದಲ ಶಿಬಿರದಲ್ಲೇ ಎಡವಟ್ಟಾಯಿತು. ಆಗಸ್ಟ್ ತಿಂಗಳು. ಮೂರನೇ ದಿನದ ಅಭ್ಯಾಸಕ್ಕೆ ಹುಲ್ಲು ಕಿತ್ತುಬಂದ ಜಾಗಕ್ಕೆಲ್ಲ ಚಿಕ್ಕನಂಜಮ್ಮ ಹೊಸ ಗರಿಕೆ ನೆಟ್ಟಿದ್ದರು. ನಾಟಿ ಹಾಕಿದ ಗದ್ದೆಗೆ ಮೊದಲ ದಿನ ತೆಳ್ಳಗೆ ನೀರು ಕಟ್ಟಿ ನಿಲ್ಲಿಸುವುದು ಈ ಸೀಮೆಯ ಪದ್ಧತಿ, ಸಸಿ ಬಾಡಬಾರದಲ್ಲ. ಅವತ್ತು ನಾಲೆಯಲ್ಲಿ ನೀರಿನ ಸರದಿ ಬೇರೆ. ನಲವತ್ತು ವರ್ಷದ ಕೈ ತನ್ನ ಪಾಡಿಗೆ ತಾನೇ ಹೋಗಿ ತೂಬಿನ ಹಲಗೆ ಎತ್ತಿತು. ಬೆಳಿಗ್ಗೆ ಆಟಗಾರರು ಬಂದು ನೋಡಿದರೆ ಅರ್ಧ ಮೈದಾನದಲ್ಲಿ ಆಕಾಶ ಕಾಣುತ್ತಿದೆ, ಎರಡು ಬೆಳ್ಳಕ್ಕಿ ಇಳಿದು ಮೇಯುತ್ತಿವೆ.

“ಅಕ್ಕ, ಇದೇನಕ್ಕ? ಭತ್ತ ಬೆಳೀತೀರಾ?” ಎಂದು ರಘುನಂದನ್ ತಲೆಯ ಮೇಲೆ ಕೈಹೊತ್ತರು. ಶಿಬಿರವನ್ನು ಬೇರೆಡೆಗೆ ಒಯ್ಯಿರಿ ಎಂದು ಮೇಲಿನವರ ಫೋನು. ಸಂಜೆಯೊಳಗೆ ನೆಲ ಆರಿದರೆ ಸರಿ, ಇಲ್ಲದಿದ್ದರೆ ಬಸ್ಸು ಬರುತ್ತದೆ ಎಂದಾಯಿತು.

“ನನ್ನ ಜೀವ ಅಂಗೇ ನೀರಾಗೋಯ್ತು,” ಎನ್ನುತ್ತಾರೆ ಚಿಕ್ಕನಂಜಮ್ಮ. “ಬೆಟ್ಟಮ್ಮ ಅಂತೂ, ‘ಬುದ್ದಿ ಗದ್ದೇಲೇ ಬುಟ್ಟು ಬಂದಿದ್ದೀಯಲ್ಲೇ’ ಅಂತ ಬೋದ್ಲು. ಬೋಯ್ತಾನೇ ಗುದ್ಲಿ ತಂದ್ಲು.” ಹನ್ನೊಂದು ಹೆಂಗಸರೂ ಬಂದರು. ತಗ್ಗಿನ ಕಡೆಗೆ ಮೊಳದಗಲದ ಕಾಲುವೆ ತೋಡಿ ನೀರು ಬಸಿದರು. ಅಕ್ಕಿ ಗಿರಣಿಯಿಂದ ನಾಲ್ಕು ಗಾಡಿ ಹೊಟ್ಟು ತರಿಸಿ ಹರಡಿ, ಒದ್ದೆ ಹೀರಿದ ಮೇಲೆ ಗುಡಿಸಿ ತೆಗೆದರು. ಆಟಗಾರರು ಸುಮ್ಮನೆ ಕೂರದೆ ಮಂಕರಿ ಹೊತ್ತರು. ಸಂಜೆ ಐದಕ್ಕೆ ರಘುನಂದನ್ ಬೂಟು ಹಾಕಿ ಓಡಿ ನೋಡಿದರು. ಬಸ್ಸಿಗೆ ಬೇಡವೆಂದು ಹೇಳಿದರು. ಆ ಕಾಲುವೆ ಈಗಲೂ ಇದೆ, ಎಂಥ ಮಳೆ ಬಂದರೂ ಮೈದಾನ ಗಂಟೆಯೊಳಗೆ ಆರುತ್ತದೆ. ಹುಡುಗರು ಅದಕ್ಕೆ ‘ನಂಜಮ್ಮನ ನಾಲೆ’ ಎಂದು ಹೆಸರಿಟ್ಟಿದ್ದಾರೆ.

ದಿನದ ಕೆಲಸಕ್ಕೆ ಲೆಕ್ಕವಿದೆ. ಎದ್ದೇಳುವುದು ನಾಲ್ಕೂವರೆಗೆ. ಇಪ್ಪತ್ತು ಆಟಗಾರರು ಎರಡು ಹೊತ್ತು ಅಭ್ಯಾಸ ಮಾಡಿದರೆ ಕಿತ್ತುಬರುವ ಹುಲ್ಲಿನ ಹೆಂಟೆ ಮುನ್ನೂರಕ್ಕೆ ಕಡಿಮೆಯಿಲ್ಲ. ಸ್ವರೂಪ್ ಗಕ್ಕನೆ ದಿಕ್ಕು ಬದಲಿಸಿದ ಕಡೆಯಂತೂ ಒಂದೊಂದು ಅಂಗೈಯಗಲ. ಒಂದು ಹೆಂಟೆಯ ಜಾಗಕ್ಕೆ ನಾಲ್ಕು ಎಳೆ. ಬೆಳಗಿನ ಅಭ್ಯಾಸಕ್ಕೆ ಮುನ್ನ ಅರ್ಧ, ಮಧ್ಯಾಹ್ನ ಅರ್ಧ. ನೂರು ಮೀಟರ್ ಉದ್ದ, ಎಪ್ಪತ್ತು ಮೀಟರ್ ಅಗಲ. ವಾರಕ್ಕೆರಡು ಸಲ ಸುಣ್ಣದ ಗೆರೆ. ಅದಕ್ಕೂ ಹಗ್ಗ ಹಿಡಿಯುವುದಿಲ್ಲ. ಒಮ್ಮೆ ತರಬೇತುದಾರರು ಟೇಪು ಹಿಡಿದು ಅಳೆದರು. ಇಡೀ ಉದ್ದಕ್ಕೆ ಎರಡು ಬೆರಳಿನ ವ್ಯತ್ಯಾಸ.

ಆಟ ತಿಳಿಯುತ್ತದೆಯೇ ಎಂದರೆ ನಾಚಿ ಸೆರಗು ಸರಿಮಾಡಿಕೊಳ್ಳುತ್ತಾರೆ. ಆದರೆ ಬಹಳ ಜನಕ್ಕೆ ಗೊಂದಲವಾಗುವ ನಿಯಮ ಅವರಿಗೆ ಮೊದಲ ದಿನವೇ ಹೊಳೆದಿದೆ. ರಗ್ಬಿಯಲ್ಲಿ ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಹಿಂದಿರುವವನಿಗೇ ಕೊಡಬೇಕು.

“ಅದ್ರಾಗೇನದೆ ಗೊಂದ್ಲ? ನಾವು ನಾಟಿ ಆಕೋದೂ ಇಂದಿಂದಕ್ಕೇ ಓಯ್ತಾ ಅಲ್ವಾ? ಇಂದಕ್ಕೋಗಿ ಓಗೇ ಗದ್ದೆ ಮುಗ್ಸೋದು. ಅವ್ರೂ ಇಂದಕ್ಕೆ ಕೊಟ್ಟು ಕೊಟ್ಟೇ ಗೆರೆ ದಾಟ್ತಾರೆ.”

ಹೊರಡುವ ಮುನ್ನ ಹುಡುಗರು ಗೆರೆಯ ಬಳಿ ಸಾಲಾಗಿ ನಿಂತು ನೆಲ ಮುಟ್ಟಿ ಹಣೆಗೊತ್ತಿಕೊಳ್ಳುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ. ಬೆಳಗ್ಗೆ ಮೈದಾನಕ್ಕೆ ಇಳಿಯುವಾಗ ಚಿಕ್ಕನಂಜಮ್ಮ ಹಾಗೆ ಮಾಡುವುದನ್ನು ನೋಡಿ ಕಲಿತದ್ದು.

ಕಾಠ್ಮಂಡುವಿನ ಆಟ ನೋಡಲು ಭಾನುವಾರ ಬೆಟ್ಟಮ್ಮನ ಮನೆಯ ಜಗಲಿಯಲ್ಲಿ ಸೊಸೆ ವೀಣಳ ಮೊಬೈಲನ್ನು ರಾಗಿಯ ಸೇರಿಗೆ ಆನಿಸಿ ಇಟ್ಟಿದ್ದಾರೆ. ಹನ್ನೊಂದು ತಲೆಗಳು ಅದರ ಸುತ್ತ. ಸೆಮಿಫೈನಲ್ ಗೆದ್ದು ಫೈನಲ್ ತಲುಪಿದರೆ ಸಾಕು, ಒಟ್ಟು ಅಂಕದಲ್ಲಿ ಎರಡನೇ ಸ್ಥಾನ ಖಚಿತ. ಕೊನೆಯ ನಿಮಿಷ, ನಮ್ಮವರದು ಹನ್ನೆರಡು, ಅವರದು ಹದಿನಾಲ್ಕು. ಚೆಂಡು ಒಬ್ಬನಿಂದ ಒಬ್ಬನಿಗೆ ಹಿಂದಕ್ಕೆ, ಇನ್ನೂ ಹಿಂದಕ್ಕೆ ಬಂದು, ಅಂಚಿನಲ್ಲಿ ನಿಂತಿದ್ದ ಸ್ವರೂಪನ ಕೈ ಸೇರುತ್ತದೆ. ಅವನು ಒಳಕ್ಕೆ ಹೊರಳಿದಂತೆ ಮಾಡಿ ಹೊರಕ್ಕೆ ಜಿಗಿದು ಓಡುತ್ತಾನೆ.

“ಕೀಳ್ಲಾ, ಕಿತ್ಕಂಡ್ ಓಡು! ಉಲ್ಲೋದ್ರೆ ಓಗ್ಲಿ!” ಎಂದು ಚಿಕ್ಕನಂಜಮ್ಮ ಎದ್ದು ನಿಂತುಬಿಡುತ್ತಾರೆ.

ಹದಿನೇಳು, ಹದಿನಾಲ್ಕು. ಫೈನಲ್‌ನಲ್ಲಿ ತಂಡ ಸೋಲುತ್ತದೆ, ಅದೂ ಚೆನ್ನಾಗಿಯೇ ಸೋಲುತ್ತದೆ. ಆದರೆ ಎರಡನೇ ಸ್ಥಾನ ಕೈಬಿಡುವುದಿಲ್ಲ. ಮೊದಲ ಸಾಲಿಗೆ ಬಡ್ತಿ. ಬೆಟ್ಟಮ್ಮ ಎಲ್ಲರ ಬಾಯಿಗೂ ಒಂದೊಂದು ಚೂರು ಬೆಲ್ಲ ಹಾಕುತ್ತಾರೆ. ಹಾಕುತ್ತ ಕೇಳುತ್ತಾರೆ: “ನಿನ್ನ ಮಕ್ಳು ಇನ್ನು ಬರಾಕಿಲ್ವಲ್ಲೇ ನಂಜಿ?” ಬಾಯಲ್ಲಿ ಬೆಲ್ಲವಿದ್ದ ಚಿಕ್ಕನಂಜಮ್ಮ ಕೈಯಾಡಿಸಿ ‘ಹೋಗಲಿ’ ಎಂಬ ಸನ್ನೆ ಮಾಡುತ್ತಾರೆ. ಕಣ್ಣು ತುಂಬಿದೆ, ತುಟಿಯಲ್ಲಿ ನಗುವಿದೆ.

ಬುಧವಾರ ರಘುನಂದನ್ ಒಂದು ಸಣ್ಣ ವ್ಯಾನಿನಲ್ಲಿ ಬರುತ್ತಾರೆ. ಹೊಸ ಕ್ರೀಡಾಂಗಣಕ್ಕೆ ಇನ್ನೂ ಹುಲ್ಲು ಹಾಕಿಲ್ಲ. ತರಬೇತುದಾರರು ಹಟ ಹಿಡಿದಿದ್ದಾರಂತೆ, ಗರಿಕೆ ಕೊಪ್ಪದ್ದೇ ಬೇಕೆಂದು. “ಹತ್ತು ಚೀಲ ಕೊಡ್ತೀಯಾ ಅಕ್ಕ?”

ಅಂದು ಮಧ್ಯಾಹ್ನದ ತನಕ ಮೈದಾನದ ಅಂಚಿನಲ್ಲಿ ಹನ್ನೊಂದು ಹೆಂಗಸರ ಬಳೆಯ ಸದ್ದು. ಬಲಿತ ಗರಿಕೆಯನ್ನಷ್ಟೇ ಬೇರು ಹರಿಯದಂತೆ ಎಬ್ಬಿಸಿ, ನಾಲೆಯ ನೀರಿನಲ್ಲಿ ಅದ್ದಿ, ಹಿಡಿ ಹಿಡಿಯಾಗಿ ಕಟ್ಟುತ್ತಾರೆ. ಒದ್ದೆ ಗೋಣಿಚೀಲಗಳನ್ನು ವ್ಯಾನಿಗೆ ಏರಿಸುವಾಗ ಚಿಕ್ಕನಂಜಮ್ಮ ಒಂದೊಂದನ್ನೂ ಮುಟ್ಟಿ ಕಳಿಸುತ್ತಾರೆ. ಬೆಟ್ಟಮ್ಮ ಸುಮ್ಮನಿರುವವರಲ್ಲ: “ಮಡ್ಲಕ್ಕಿ ಒಂದು ಆಕ್ಬುಡೇ, ಗಂಡನ ಮನೆಗೋಯ್ತಾ ಅದೆ!”

“ಅಲ್ಲಿ ನೆಡೋರು ಸಿಕ್ತಾರಾ ಸಾ?” ಎಂದು ಚಿಕ್ಕನಂಜಮ್ಮ ಕೇಳುತ್ತಾರೆ. ಸಿಗುತ್ತಾರೆ ಎಂದು ರಘುನಂದನ್ ತಲೆಯಾಡಿಸುತ್ತಾರೆ. ನೀನೇ ಬಾ ಎಂದರೆ ಒಲ್ಲೆ ಎನ್ನುತ್ತಾರೆ, ಇಲ್ಲಿಯ ಮಕ್ಕಳೂ ಓಡಬೇಕಲ್ಲ. ಬೇರೆ ಏನಾದರೂ ಬೇಕೇ, ತಂಡದ ಕಡೆಯಿಂದ ಏನಾದರೂ ಮಾಡಿಸಲೇ ಎಂದು ಅವರು ಮತ್ತೆ ಮತ್ತೆ ಕೇಳಿದ ಮೇಲೆ, ವ್ಯಾನಿನ ಬಾಗಿಲು ಹಿಡಿದುಕೊಂಡೇ ಒಂದು ಕೋರಿಕೆ ಹೇಳುತ್ತಾರೆ.

“ಎಂಟು ದಿನಕ್ಕೆ ಒಣಗಿದಂಗೆ ಕಾಣ್ತದೆ, ಎದ್ರಿಕಬ್ಯಾಡಿ. ಇಪ್ಪತ್ತನೇ ದಿನಕ್ಕೆ ಯಾರಾದ್ರೂ ಬಗ್ಗಿ, ಒಂದು ಎಳೆ ಇಡ್ಕಂಡು ವಸಿ ಜಗ್ಗಿ ನೋಡ್ಲಿ. ಕೈಗೆ ಬರ್ಲಿಲ್ಲ ಅಂದ್ರೆ ಬೇರು ಕಚ್ಚದೆ ಅಂತ. ಆವಾಗ ನನಗೊಂದು ಪೋನ್ ಮಾಡಿ ಸಾ. ಸಾಕು.”