ಹುಳದ ಮನೆಗೆ ಸೊಪ್ಪು ಬೀಳದ ಶನಿವಾರ

ಮೊದಲೇ ಒಪ್ಪಿಕೊಂಡುಬಿಡ್ತೀನಿ, ಆ ಶನಿವಾರ ಅಷ್ಟೂ ರೇಷ್ಮೆ ಹುಳಗಳನ್ನ ಉಪವಾಸ ಕೆಡವಿದ್ದು ನಾನೇ. ಇಷ್ಟು ವರ್ಷ ಮುಚ್ಚಿಟ್ಟಿದ್ದು ಹೋದ ಭಾನುವಾರ ನಮ್ಮ ಕಡೆಯ ವಿಜಯಪುರದ ರಸ್ತೆಯಲ್ಲಿ ಬಾಯಿಗೆ ಬಂದುಬಿಟ್ಟಿತು. ಅಪ್ಪನನ್ನ ಬೈಕಿನ ಹಿಂದೆ ಕೂರಿಸಿಕೊಂಡು ಹೋಗ್ತಿದ್ದೆ. ಮುಂದೊಂದು ಟೆಂಪೋ, ಅದರ ತುಂಬ ಒದ್ದೆ ಗೋಣಿತಾಟು ಹೊದಿಸಿದ ಹಿಪ್ಪುನೇರಳೆ ಸೊಪ್ಪು. ಆ ವಾಸನೆ ಹೆಲ್ಮೆಟ್ಟಿನೊಳಕ್ಕೆ ನುಗ್ಗಿದ್ದೇ ತಡ, ನನಗೆ ಮತ್ತೆ ಎಂಟು ವರ್ಷ. ಮುಂದಿನ ಎರಡು ಹಲ್ಲಿಲ್ಲ, ಚಡ್ಡಿಗೆ ಗುಂಡಿಯಿಲ್ಲ, ನಾಲಿಗೆಗೆ ಮಾತ್ರ ಬಿಡುವಿಲ್ಲ.

ಬೂದಿಗೆರೆಯ ಹತ್ತಿರ ಅಜ್ಜಿಯ ಮನೆ. ಮನೆ ಅಂದರೆ ಮುಕ್ಕಾಲು ಪಾಲು ಹುಳದ್ದು, ಮಿಕ್ಕ ಮೂಲೆ ನಮ್ಮದು. ದೊಡ್ಡ ಕೋಣೆಯ ತುಂಬ ಒಂದರ ಮೇಲೊಂದು ಬಿದಿರಿನ ತಟ್ಟೆಗಳು, ಇರುವೆ ಹತ್ತದ ಹಾಗೆ ಸ್ಟ್ಯಾಂಡಿನ ಕಾಲಿಗೆಲ್ಲ ನೀರಿನ ಬಟ್ಟಲು. ಆ ಕೋಣೆಗೆ ಹೋಗುವಾಗ ಪೌಡರು ಹಾಕಿರಬಾರದು, ಊದುಬತ್ತಿ ಹಚ್ಚಿದ ಕೈ ಆಗಿರಬಾರದು. ಹೊಗೆಸೊಪ್ಪಿನ ಗಾಳಿಗೂ ಹುಳ ಸಾಯುತ್ತವೆ ಅಂತ, ಎಲೆಯಡಿಕೆ ಜೊತೆ ಅದಿಲ್ಲದೆ ಒಂದು ಗಂಟೆ ಇರಲಾರದ ಅಜ್ಜಿ, ಹುಳ ಇರುವಷ್ಟು ದಿನವೂ ಅದನ್ನ ಮುಟ್ಟುತ್ತಿರಲಿಲ್ಲ. ಆ ಸಿಟ್ಟೆಲ್ಲ ನಮ್ಮ ಮೇಲೆ. ನಾಲ್ಕನೇ ಜ್ವರ, ಅಂದರೆ ಕೊನೇ ಸಲ ಪೊರೆ ಬಿಡೋದು, ಮುಗಿಸಿ ಎದ್ದ ಹುಳಕ್ಕೆ ಹೊಟ್ಟೆಯೇ ತುಂಬೋದಿಲ್ಲ. ಸೊಪ್ಪು ಹಾಕಿ ಬಾಗಿಲು ಮುಂದೆ ಮಾಡಿದರೆ ಒಳಗೆ ಮಳೆ ಶುರುವಾಗೋದು. ಹುಣಸೆ ಮರದ ಮೇಲೆ ಸಣ್ಣಗೆ ಸುರಿಯುವಂಥ ಮಳೆ, ಸಾವಿರಾರು ಪುಟ್ಟ ಬಾಯಿಗಳದ್ದು. ಬಸ್ಸಿನ ಹಾರನ್ನಿಂದ ಹಿಡಿದು ಮೇಷ್ಟ್ರ ಕೆಮ್ಮಿನವರೆಗೆ ಊರಲ್ಲಿರೋ ಸದ್ದನ್ನೆಲ್ಲ ಅಣಕಿಸುತ್ತಿದ್ದ ನಾನು ಅದೊಂದನ್ನ ಮಾತ್ರ ಅಣಕಿಸಲಾರದೆ, ಬಾಗಿಲಿಗೆ ಕಿವಿಯಿಟ್ಟು ಬಾಯಿ ತೆರೆದು ನಿಂತುಬಿಡುತ್ತಿದ್ದೆ.

ಅಪ್ಪ ಏರ್‌ಪೋರ್ಟಿನಲ್ಲಿ ಲಗೇಜ್ ಗಾಡಿ ಓಡಿಸ್ತಿದ್ದ. ಊರವರಿಗೆಲ್ಲ ಬೇಸಿಗೆ ರಜಾ ಬಂದರೆ ಅಪ್ಪನಿಗೆ ಡಬಲ್ ಶಿಫ್ಟು. ಆ ಸಲ ಇಡೀ ರಜೆಯಲ್ಲಿ ಅವನಿಗೆ ಸಿಕ್ಕಿದ್ದು ಒಂದು ಶನಿವಾರ, ಒಂದು ಭಾನುವಾರ. ನನಗೆ ಈಜು ಕಲಿಸ್ತೀನಿ ಅಂತ ಮಾತು ಕೊಟ್ಟಿದ್ದ. ಬಂದವನು ಬ್ಯಾಗು ಇಳಿಸೋಕೆ ಮುಂಚೆ ಅಜ್ಜಿ ಕೈಗೆ ಕುಡುಗೋಲು ಕೊಟ್ಟಳು. ಬೆಳಗಿಂದ ಸೊಪ್ಪು ಕೊಯ್ದ, ಹೊತ್ತ, ಹಿಕ್ಕೆ ಬಾಚಿದ. ಮಧ್ಯಾಹ್ನ ಅಜ್ಜಿ ಅಮ್ಮನನ್ನ ಕರ್ಕೊಂಡು ಹಿಂದಿನ ಮನೆಗೆ ಸಂಡಿಗೆ ಇಡೋಕೆ ಹೊರಟಳು. ಹೋಗ್ತಾ ಅಪ್ಪನಿಗೆ, "ಎರಡು ಗಂಟೆಗೆ ಸರಿಯಾಗಿ ಸೊಪ್ಪು ಹಾಕು ಮುನೀ. ಕುಂತ್ಬುಟ್ಟೀಯ," ಅಂದಳು. ಅಪ್ಪನ ಕೈ ಪೂರ್ತಿ ಹಸಿರಾಗಿತ್ತು. ಹೀಗೇ ಭಾನುವಾರವೂ ಮುಗಿದುಹೋಗುತ್ತೆ ಅಂತ ನನಗೆ ಗೊತ್ತಾಗಿಹೋಯಿತು. ಹಿತ್ತಲ ಗೋಡೆಯ ಆಚೆಗೆ ಹೋಗಿ, ನುಗ್ಗೆ ಮರದ ಕೆಳಗೆ ನಿಂತು, ಅಜ್ಜಿಯ ಥರವೇ ಒಂದು ಸಲ ಮೂಗೆಳೆದು, ಅವಳ ಒಡಕು ಗಂಟಲಲ್ಲೇ ಕೂಗಿದೆ: "ಮುನೀ, ಸಾಕು ಕಣಪ್ಪಾ. ದಣಿದಿದ್ದೀಯ. ಸೊಪ್ಪು ನಾನ್ ಬಂದು ಹಾಕ್ಕೊತೀನಿ, ಮಗೀನ್ ಕರ್ಕೊಂಡೋಗಿ ಈಜಾಡ್ಕೊಂಡು ಬಾ."

ಗೋಡೆಯ ಆ ಕಡೆ ಅಪ್ಪನ ಹೆಜ್ಜೆ ಸದ್ದು ನಿಂತಿತು. ಸಿಕ್ಕಿಬಿದ್ದೆ ಅಂದುಕೊಂಡೆ. ಗೋಡೆಯ ಸಂದಿಯಲ್ಲಿ ಇಣುಕಿದರೆ ಅಪ್ಪ ಸೊಪ್ಪಿನ ಮಂಕರಿ ಎತ್ತಿಹಿಡಿದು ಹಾಗೇ ನಿಂತಿದ್ದಾನೆ. ಆಮೇಲೆ ಮೆಲ್ಲಗೆ ಮಂಕರಿ ಇಳಿಸಿ, ಗೋಡೆಯ ಕಡೆ ತಿರುಗಿ, "ಹೂಂ ಕಣವ್ವ," ಅಂದ.

ಊರಾಚೆಯ ದ್ರಾಕ್ಷಿ ತೋಟದಲ್ಲಿ ಬೋರಿನ ನೀರು ತುಂಬುವ ಸಿಮೆಂಟಿನ ತೊಟ್ಟಿ ಇತ್ತು. ಅಲ್ಲಿ ನಾನು ಬೇರೆಯೇ ಅಪ್ಪನನ್ನ ನೋಡಿದೆ. ಮನೆಯಲ್ಲಿ ಸೊಂಟ ಹಿಡ್ಕೊಂಡು ಏಳುತ್ತಿದ್ದ ಆ ಹೊಟ್ಟೆಯ ಮನುಷ್ಯ ಕಟ್ಟೆಯ ಮೇಲಿಂದ ಹಾರಿ ಒಂದು ತೊಟ್ಟೂ ಚಿಮ್ಮದ ಹಾಗೆ ನೀರೊಳಗೆ ಜಾರಿದ. ನನ್ನನ್ನ ಅಂಗೈ ಮೇಲೆ ಮಲಗಿಸಿಕೊಂಡು, ಗೊತ್ತೇ ಆಗದ ಹಾಗೆ ಕೈ ತೆಗೆದ. ನಾನು ತೇಲಿದೆ. ಆಮೇಲೆ ಅವನೂ ಅಂಗಾತ ಮಲಗಿ, ಕಣ್ಣು ಮುಚ್ಚಿ, ಬಹಳ ಹೊತ್ತು ತೇಲುತ್ತಲೇ ಇದ್ದ. ಆ ಮುಖದಲ್ಲಿ ನನ್ನ ವಯಸ್ಸಿನವನೊಬ್ಬ ಇದ್ದ. ಅಣಕಿಸೋಣ ಅಂತ ಅನ್ನಿಸಲೇ ಇಲ್ಲ.

ಮನೆಗೆ ಬಂದಾಗ ಐದು ಗಂಟೆ. ಹುಳದ ಮನೆಯಲ್ಲಿ ಮಳೆ ನಿಂತಿತ್ತು. ತಟ್ಟೆತಟ್ಟೆಯಲ್ಲೂ ಬರೀ ಕಡ್ಡಿಗಳು, ಅದರ ಮೇಲೆ ಸಾವಿರಾರು ಹುಳ ತಲೆಯೆತ್ತಿ ಅತ್ತಿತ್ತ ತೂಗುತ್ತ ಸೊಪ್ಪು ಹುಡುಕುತ್ತಿದ್ದವು. ಅಜ್ಜಿ ಬಾಗಿಲಲ್ಲೇ ನಿಂತಿದ್ದಳು.

"ಯಾಕ್ ಹಾಕ್ಲಿಲ್ಲ ಮುನೀ?"

ನೀನೇ ತಾನೆ ಬೇಡ ಅಂದಿದ್ದು, ಅಂತ ಅಪ್ಪ ಅನ್ನಬೇಕಿತ್ತು. ಅಂದಿದ್ದರೆ ನನ್ನ ಚರ್ಮ ಅಲ್ಲೇ ಸುಲಿದು ನೇತುಹಾಕುತ್ತಿದ್ದಳು. ಅಪ್ಪ, "ಮರೆತ್ಬಿಟ್ಟೆ ಕಣವ್ವ," ಅಂದ.

"ಈಜೋದು ಮರೀಲಿಲ್ಲ," ಅಂದಳು ಅಜ್ಜಿ, ಅವನ ಒದ್ದೆ ತಲೆ ನೋಡಿ. ಅಪ್ಪ ಕುಡುಗೋಲು ಹಿಡಿದು ಕತ್ತಲಾಗುವವರೆಗೆ ಸೊಪ್ಪು ಕೊಯ್ದ. ಭಾನುವಾರವೂ ಅಷ್ಟೇ. ಮುಂದೆ ಹುಳ ಹಣ್ಣಾಗಿ ಚಂದ್ರಿಕೆಯ ಬಿದಿರು ಸುರುಳಿಗಳಲ್ಲಿ ಗೂಡು ಕಟ್ಟಿದಾಗ ಅಜ್ಜಿ ಒಂದೊಂದನ್ನೂ ಬೆರಳಲ್ಲಿ ಒತ್ತಿ, "ಇದು ಮುನಿರಾಜಪ್ಪನೋರು ಈಜೋಕ್ ಹೋದ ಗೂಡು," ಅಂತ ತೆಳುವಾದವನ್ನ ಬೇರೆ ಹಾಕುತ್ತಿದ್ದಳು. ಇನ್ನೆರಡು ವರ್ಷಕ್ಕೆ ಅಜ್ಜಿ ಹೋದಳು. ಹುಳದ ಮನೆ ಇದ್ದಲ್ಲಿ ಈಗ ಲೇಔಟು. ದ್ರಾಕ್ಷಿ ತೋಟದ ತೊಟ್ಟಿಯಲ್ಲಿ ಯಾರೋ ಕ್ರೋಟನ್ ಗಿಡ ನೆಟ್ಟಿದ್ದಾರೆ. ಅಜ್ಜಿಯ ದನಿ ಈಗ ಇರೋದು ನನ್ನ ಗಂಟಲಲ್ಲಿ ಮಾತ್ರ, ಅದನ್ನ ಹೊರಗೆ ತೆಗೆಯೋಕೆ ನನಗೆ ಧೈರ್ಯ ಬರೋದಿಲ್ಲ.

ಟೆಂಪೋ ಪಕ್ಕಕ್ಕೆ ತಿರುಗಿತು, ವಾಸನೆ ಉಳಿಯಿತು. ಬೈಕು ನಿಲ್ಲಿಸಿ ಎಲ್ಲ ಹೇಳಿಬಿಟ್ಟೆ. ಗೋಡೆ, ನುಗ್ಗೆ ಮರ, ಕೂಗಿದ ಮಾತು, ಒಂದೂ ಬಿಡದೆ. ಬೈಸಿಕೊಳ್ಳೋಕೆ ಕತ್ತು ಬಗ್ಗಿಸಿ ಕಾದೆ. ಅಪ್ಪ ಹಿಂದಿನಿಂದ ನನ್ನ ಹೆಲ್ಮೆಟ್ಟಿಗೆ ಒಂದು ಕುಟ್ಟಿದ.

"ಅವತ್ತೇ ಗೊತ್ತಿತ್ತು ಕಣಲೇ. ನಾನ್ ಹುಟ್ಟಿದಾಗಿಂದ ನಮ್ಮವ್ವ ಒಂದ್ ದಿನಾನೂ ನಂಗೆ 'ಸಾಕು ಕಣಪ್ಪಾ' ಅಂದಿರ್ಲಿಲ್ಲ. ಅವಳ ದನೀಲಿ ಕೇಳಿಸ್ತಲ್ಲ, ಹೋಗ್ಬಿಟ್ಟೆ."