ತಿಪ್ಪಕ್ಕ ಕಿವಿಗೊಟ್ಟ ಗೋಡೆ

ತಿಪ್ಪಕ್ಕ ಶೇಂಗಾಕಾಯಿಯನ್ನು ಮೊದಲು ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ, ಕಿವಿಗೆ ಹಿಡಿಯುತ್ತಿದ್ದಳು. ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಅನ್ನದಿದ್ದರೆ, "ಹಸಿ ಐತೆ, ಒಣಗಾಕಿ" ಎಂದು ತಂದವನ ಮುಖ ಕೂಡ ನೋಡದೆ ಹೇಳುತ್ತಿದ್ದಳು. ಚಳ್ಳಕೆರೆಯಲ್ಲಿ ಕೆರೆಯ ದಂಡೆಗಿದ್ದ ಎಣ್ಣೆ ಮಿಲ್ಲಿನಲ್ಲಿ ನಾವಿಬ್ಬರೂ ಕೂಲಿ ಮಾಡುತ್ತಿದ್ದೆವು. ನನಗಿಂತ ದೊಡ್ಡವಳು. ಮೊಂಡಿ. ಅವಳ ಜೊತೆ ಕೆಲಸ ಮಾಡುವುದು ಸುಖವೇನಲ್ಲ.

ಬಾಯ್ಲರಿಗೆ ಶೇಂಗಾ ಹೊಟ್ಟು ಉರಿಸುತ್ತಿದ್ದರು. ಅದರ ಬೂದಿಯನ್ನು ಮಂಕರಿಯಲ್ಲಿ ಹೊತ್ತು ಕೆರೆಯ ಅಂಚಿಗೆ ಸುರಿಯುವುದೂ ನಮ್ಮ ಪಾಲಿನದೇ. ಸುರಿದೂ ಸುರಿದೂ ಕೆರೆ ಹಿಂದಕ್ಕೆ ಸರಿಯಿತು, ಮಿಲ್ಲಿನ ಜಾಗ ಮುಂದಕ್ಕೆ ಬಂತು.

ಮಿಲ್ಲು ಮುಚ್ಚಿತು. ಜಾಲಿ ಬೆಳೆಯಿತು. ಆಮೇಲೆ ಜಾಗ ಕೊಂಡವನು ಅಲ್ಲಿ ಸಾಲುಸಾಲು ಮನೆ ಕಟ್ಟಿಸತೊಡಗಿದ. ಮಿಲ್ಲಿನ ಹಳೇ ಲೈನ್ ಮನೆಗಳಲ್ಲಿ ಉಳಿದಿದ್ದವರು ನಾವಿಬ್ಬರೇ. ಜಾಗ ಬಿಟ್ಟರೆ ಒಂದೊಂದು ಹೊಸ ಮನೆ ಕೊಡುತ್ತೇನೆಂದ. ಅವನ ಮೇಸ್ತ್ರಿ ಬಂದು, "ಅಜ್ಜೀರಾ, ಬೂದಿ ಗೀದಿ ಅಂತ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ, ಮನೆ ಸಿಗಲ್ಲ" ಎಂದ. ನಾನು ತಲೆಯಾಡಿಸಿದೆ. ತಿಪ್ಪಕ್ಕ ಎಲೆಯಡಿಕೆ ಜಗಿಯುತ್ತಿದ್ದಳು.

ಒಂದು ದಿನ ಗಂಡಹೆಂಡತಿ ಮನೆ ನೋಡಲು ಬಂದರು. ಅವಳು ತುಂಬಿದ ಬಸುರಿ. ಕೆರೆ ಕಾಣುವ ಮನೆಯೇ ಬೇಕಂತೆ. ತಿಪ್ಪಕ್ಕ ಕೂತಲ್ಲಿಂದಲೇ ಕೂಗಿದಳು.

"ಏನವ್ವಾ, ಬಾಣಂತನ ಅಲ್ಲೇ ಮಾಡ್ಕಂತೀಯಾ? ಅದರ ಅಡಿಗೆ ನೆಲ ಇಲ್ಲ, ಬೂದಿ ಐತೆ. ನಾನೇ ಹೊತ್ತು ಹಾಕಿದೀನಿ."

ಮೇಸ್ತ್ರಿ ನಕ್ಕ. "ಮುದುಕಿಗೆ ಅರಳು ಮರಳು, ಸಾರ್. ಬೇಕಾದ್ರೆ ಈ ಅಜ್ಜೀನ ಕೇಳ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ತಿಪ್ಪಕ್ಕನೂ.

"ನಂಗೇನೂ ಗೊತ್ತಿಲ್ಲಪ್ಪಾ" ಎಂದೆ.

ಆ ಗಂಡಹೆಂಡತಿ ಮತ್ತೆ ಬರಲಿಲ್ಲ. ತಿಪ್ಪಕ್ಕನಿಗೆ ಮನೆ ಸಿಗಲಿಲ್ಲ. ಪರಶುರಾಂಪುರದ ತಮ್ಮನ ಮನೆಗೆ ಹೋದಳು. ನನಗೆ ಸಿಕ್ಕಿತು. ಅವರು ಬೇಡವೆಂದು ಬಿಟ್ಟುಹೋದ ಆ ಕೆರೆ ಕಡೆಯ ಮನೆಯೇ.

ಒಮ್ಮೆ ನೋಡಲು ಬಂದಳು. ಚಾ ಕೊಟ್ಟೆ. ಲೋಟ ಹಿಡಿದೇ ಅಡುಗೆಮನೆಯ ಗೋಡೆಯನ್ನು ಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟು ನಿಂತಳು. ಬೈಯಲಿ ಎಂದು ಕಾದೆ.

"ಚಾಕ್ಕೆ ಸಕ್ಕರೆ ಜಾಸ್ತಿ ಹಾಕೀಯ ಕಣೇ ಗೌರಿ" ಎಂದಳು. "ಬಸ್ಸಿನ ಹೊತ್ತಾತು, ಬರ್ತೀನಿ."

ಹೋದ ವರ್ಷ ತೀರಿಕೊಂಡಳು. ಮಂಡಿನೋವು, ನಾನು ಮಣ್ಣಿಗೆ ಹೋಗಲಿಲ್ಲ. ಮಂಡಿನೋವು ಇಲ್ಲದಿದ್ದರೂ ಹೋಗುತ್ತಿದ್ದೆನೋ ಇಲ್ಲವೋ.

ಅವಳು ಕಿವಿಗೊಟ್ಟ ಗೋಡೆ ಈಗ ಬಿರುಕು ಬಿಟ್ಟಿದೆ. ಅದು ಕಾಣದಂತೆ ಕ್ಯಾಲೆಂಡರ್ ತೂಗುಹಾಕಿದ್ದೆ. ಬಿರುಕು ಅದರ ಕೆಳಗೂ ಇಳಿದಿದೆ. ಈ ಸಲ ಉದ್ದನೆಯದು ಕೊಡಪ್ಪಾ ಎಂದು ಅಂಗಡಿಯವನಿಗೆ ಹೇಳಿದ್ದೇನೆ.