ಮೂವತ್ತೆಂಟನೆಯ ಸಾಲು

ಸೊರಬದ ಬಸ್‌ಸ್ಟ್ಯಾಂಡಿಗೆ ಮೊದಲ ಬಸ್ಸು ಇನ್ನೂ ಬಂದಿಲ್ಲ. ಎಪ್ಪತ್ತೆಂಟರ ರಾಜೀವಮ್ಮ ಗೋಡೆಗೆ ಮೈದಾ ಅಂಟು ಬಳಿದು, ತಾವೇ ಕೈಯಾರೆ ಬರೆದ ‘ಒಳಮನೆ’ ಪತ್ರಿಕೆಯನ್ನು ಹಚ್ಚುತ್ತಿದ್ದಾರೆ. ಈ ವಾರ ಲೇಖನವಿಲ್ಲ, ಬುದ್ಧಿವಾದವಿಲ್ಲ. ಹೊಸಬಾಳೆ ಹಳ್ಳಿಯ ಮೂವತ್ತೇಳು ಹೆಂಗಸರ ಹೆಸರುಗಳು, ಅಷ್ಟೆ. ಕೊನೆಯಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದಾರೆ.

ಕಳೆದ ಚುನಾವಣೆಯಲ್ಲಿ ಇವರಾರಿಗೂ ವೋಟು ಹಾಕಲು ಆಗಲಿಲ್ಲ. ಮತದಾರರ ಪಟ್ಟಿ ಬರೆಯಲು ಬಂದವರಿಗೆ ಎಲ್ಲರೂ ಇಂಥವನ ಹೆಂಡತಿ, ಇಂಥವನ ತಾಯಿ ಎಂದೇ ಹೇಳಿದ್ದರು. ಸ್ವಂತ ಹೆಸರು ಹೇಳದವರನ್ನು ಕೈಬಿಟ್ಟರು. ಈ ಸಲ ಹೆಸರು ಸೇರಿಸಲು ಇವತ್ತೇ ಕೊನೆಯ ದಿನ. ಎರಡು ತಿಂಗಳು ಹೊಸಬಾಳೆಗೆ ಓಡಾಡಿ ರಾಜೀವಮ್ಮ ಮೂವತ್ತೇಳು ಜನರ ಬಾಯಿ ಬಿಡಿಸಿದ್ದಾರೆ. ಮೂವತ್ತೆಂಟನೆಯವರು ಮಾತ್ರ ಜಗ್ಗಿಲ್ಲ.

ರಾಜೀವಮ್ಮನ ಹಟ ಹಳೆಯದು. ೧೮೯೮ರಲ್ಲಿ, ಇಪ್ಪತ್ತರ ವಿಧವೆಯಾಗಿದ್ದಾಗ, ಹೆಣ್ಣುಮಕ್ಕಳ ಓದಿನ ಬಗ್ಗೆ, ವಿಧವೆಯರ ತಲೆ ಬೋಳಿಸುವುದರ ಬಗ್ಗೆ ಬರೆದು, ‘ಒಳಮನೆ’ಯ ಹನ್ನೊಂದು ಪ್ರತಿ ನಕಲು ಮಾಡಿ, ಬಳೆಗಾರನ ಮಲಾರದ ಬಳೆಗಳ ನಡುವೆ ಇಟ್ಟು ಮನೆಮನೆಗೆ ಕಳಿಸಿದರು. ಮೊದಲ ಸಂಚಿಕೆಯನ್ನು ಮೈದುನ ಬಚ್ಚಲೊಲೆಗೆ ಹಾಕಿದ್ದ. “ನೀರು ಚೆನ್ನಾಗಿ ಕಾದಿತ್ತು ಕಣ್ರೀ. ಅದ್ರಲ್ಲೇ ಸ್ನಾನ ಮಾಡಿ ಮತ್ತೆ ಬರೆಯಕ್ಕೆ ಕೂತೆ” ಎಂದು ನಗುತ್ತಾರೆ. ಇವರನ್ನು ಹುಡುಕಿಕೊಂಡು ಬರಲು ಅಚ್ಚಿನ ಪತ್ರಿಕೆಯ ನಮಗೆ ಐವತ್ತೆಂಟು ವರ್ಷ ಹಿಡಿಯಿತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಏಳರ ಬಸ್ಸಿನಿಂದ ಹೊಸಬಾಳೆಯ ಹೆಂಗಸರು ಇಳಿಯುತ್ತಾರೆ. ಎಲ್ಲರ ಹಿಂದೆ ಆ ಮೂವತ್ತೆಂಟನೆಯ ಅಜ್ಜಿ.

“ನಂಗ್ಯಾಕ್ರೀ ಹೆಸ್ರು? ಚೌಡಪ್ಪನ ಅವ್ವ ಅಂದ್ರೆ ಊರಿಗೇ ಗೊತ್ತು. ಹೆಸ್ರು ಹಿಡಿದು ಕರೆಯೋರು ಯಾರೂ ಉಳಿದಿಲ್ಲ.”

ನೀವೇ ಬರೆದುಕೊಡಬಾರದೇ ಎಂದು ರಾಜೀವಮ್ಮನನ್ನು ಕೇಳುತ್ತೇನೆ. ನನ್ನನ್ನು ದುರುಗುಟ್ಟಿ ನೋಡುತ್ತಾರೆ. “ನಂಗೆ ಗೊತ್ತಿಲ್ವಾ ಅವಳ ಹೆಸರು? ಅದು ಅವಳ ಬಾಯಿಂದ್ಲೇ ಬರ್ಬೇಕು.”

ಹತ್ತಕ್ಕೆ ಬಾಗಿಲು ತೆರೆದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು ತಲೆ ಎತ್ತದೆ, “ಯಾರ ತಾಯಿ?” ಎನ್ನುತ್ತಾರೆ. ಅಜ್ಜಿ ಸೆರಗಿನ ತುದಿ ಹಿಂಡುತ್ತಾ ನಿಂತಿದ್ದಾರೆ. ರಾಜೀವಮ್ಮ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

“ಯಾರ ತಾಯಿನಾದ್ರೂ ಆಗ್ಲಿ ಬಿಡ್ರೀ. ನನ್ನ ಹೆಸ್ರು ಮಾಸ್ತಮ್ಮ. ಬರ್ಕೊಳ್ರಿ.”

ಗುಮಾಸ್ತರು ಬರೆದುಕೊಳ್ಳುತ್ತಾರೆ. ನಾವು ಮತ್ತೆ ಗೋಡೆಯ ಬಳಿ ಬರುತ್ತೇವೆ. ಖಾಲಿ ಸಾಲಿನಲ್ಲಿ ರಾಜೀವಮ್ಮ ದಪ್ಪಕ್ಷರದಲ್ಲಿ ಆ ಹೆಸರು ಬರೆಯುತ್ತಾರೆ. ಪಕ್ಕದಲ್ಲಿ ನಿಂತ ನನಗೇ ಹೆಮ್ಮೆ ತಡೆಯಲಾಗುತ್ತಿಲ್ಲ. ಇನ್ನೇನಾದರೂ ಆಸೆ ಇದೆಯೇ ಎಂದು ರಾಜೀವಮ್ಮನನ್ನು ಕೇಳುತ್ತೇನೆ.

“ವೋಟಿನ ದಿನ ಹೆಸರು ಕೂಗ್ತಾರಲ್ಲ, ಗಟ್ಟಿಯಾಗಿ? ಅವತ್ತು ಹೊಸಬಾಳೆಗೆ ಹೋಗಿ ಹೊರಗೆ ನಿಂತಿರ್ತೀನಿ. ಮಾಸ್ತಮ್ಮ ಅಂತ ಕೂಗೋದನ್ನ ಒಂದ್ಸಲ ಕೇಳ್ಬೇಕು.”